ಗದ್ದಲದಲ್ಲೂ ಕೇಳಿಸುವ ಹೆಸರು

ಬಸ್ ನಿಲ್ದಾಣದ ಮಂದಿಗೆ ಅವಳು ಮೈಕಮ್ಮ. ಯಾವ ಬಸ್ಸು ಯಾವ ಪ್ಲಾಟ್‌ಫಾರಂನಲ್ಲಿ ನಿಂತಿದೆ, ಯಾವುದು ತಡವಾಗಿ ಬರುತ್ತಿದೆ, ಯಾರು ಕೊಡೆ ಮರೆತು ಹೋಗಿದ್ದಾರೆ ಎಂದು ದಿನವಿಡೀ ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಕಂಟ್ರೋಲರ್ ಕಚೇರಿಗೆ ಅಂಟಿಕೊಂಡಂತೆ ಗಾಜಿನ ಕಿಟಕಿಯ ಒಂದು ಸಣ್ಣ ಕೋಣೆ. ಒಳಗೆ ಒಂದು ಮೇಜು, ಮೇಜಿನ ಮೇಲೆ ಕುತ್ತಿಗೆ ಬಗ್ಗಿಸಿಕೊಂಡ ಮೈಕು, ಪಕ್ಕದಲ್ಲಿ ಬಿಸಿಯಾದರೆ ಗುಂಯ್ ಎನ್ನುವ ಹಳೆಯ ಆಂಪ್ಲಿಫೈಯರು. ಧೂಳು ಹೊಕ್ಕರೆ ಆ ಯಂತ್ರಕ್ಕೆ ಕೆಮ್ಮು ಹಿಡಿಯುತ್ತಿತ್ತು. ಹಾಗಾಗಿ ಕೋಣೆಗೆ ಬರುವವರು ಯಾರೇ ಆಗಲಿ, ಚಪ್ಪಲಿ ಬೂಟುಗಳನ್ನು ಬಾಗಿಲ ಹೊರಗೆ ಬಿಟ್ಟೇ ಬರಬೇಕು. ಕಂಟ್ರೋಲರ್ ಕೂಡ ಅಷ್ಟೇ.

ಸಂಜೆ ಪಾಳಿ ಮುಗಿಯುವ ಮುನ್ನ ಮೈಕಮ್ಮ ಒಂದು ಗುಟುಕು ನೀರು ಕುಡಿದು, ಮೈಕಿಗೆ ಸ್ವಲ್ಪ ಹತ್ತಿರವಾಗಿ, ಮಗನ ಹೆಸರನ್ನು ಎರಡು ಸಲ ಕರೆಯುತ್ತಿದ್ದಳು. ಆಮೇಲೆ, "ಎಲ್ಲಿದ್ರೂ ಮೈಕಿನ ಕೋಣೆಗೆ ಬಾ ಕಂದ. ಅಮ್ಮ ಇಲ್ಲೇ ಇದ್ದಾಳೆ" ಎನ್ನುತ್ತಿದ್ದಳು. ಅಷ್ಟೇ ಮಾತು. ಮಗ ಕಳೆದುಹೋದಾಗ ಅವನಿಗೆ ಆರು ವರ್ಷ. ಈಗ ಇದ್ದರೆ ಮೂವತ್ತು ದಾಟಿರಬೇಕು. ಮಾತು ಮಾತ್ರ ಬದಲಾಗಿರಲಿಲ್ಲ. ಎಷ್ಟೋ ಕಂಟ್ರೋಲರ್‌ಗಳು ಬಂದರು, ಹೋದರು. ನಿಯಮದಲ್ಲಿ ಇಲ್ಲದ ಈ ಕರೆಯನ್ನು ಯಾರೂ ನಿಲ್ಲಿಸಲಿಲ್ಲ. ಇನ್ನೂ ಒಂದು ಸಂಗತಿಯನ್ನು ಮೈಕಮ್ಮ ಗಮನಿಸಿದ್ದಳು. ಆ ಹೊತ್ತಿಗೆ ಹತ್ತಿರದಲ್ಲಿ ನಿಂತ ಬಸ್ಸುಗಳ ಡ್ರೈವರುಗಳು ಎಂಜಿನ್ ಆಫ್ ಮಾಡುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ. ಹಳಬರನ್ನು ನೋಡಿ ಹೊಸಬರು ಕಲಿತದ್ದು. ಕರೆ ಮುಗಿದ ಮೇಲೆ ಒಂದೊಂದಾಗಿ ಮತ್ತೆ ಗುರುಗುಟ್ಟಲು ಶುರುವಾಗುತ್ತಿದ್ದವು.

ಈಗ ಅವಳು ನಿವೃತ್ತಳಾಗುವ ತಿಂಗಳು ಬಂದಿತ್ತು. ಅವಳ ಜಾಗಕ್ಕೆ ಬೇರೆ ಯಾರೂ ಬರುವವರಿರಲಿಲ್ಲ. ಮೊದಲೇ ರೆಕಾರ್ಡ್ ಮಾಡಿಟ್ಟ ದನಿಯನ್ನು ಕಂಪ್ಯೂಟರೇ ಹೊತ್ತುಹೊತ್ತಿಗೆ ಕೇಳಿಸುತ್ತದೆಯಂತೆ. ದನಿ ಮೈಕಮ್ಮನದೇ ಇರಲಿ, ಜನಕ್ಕೆ ರೂಢಿಯಾಗಿದೆ ಎಂದು ಮೇಲಿನವರು ಒಪ್ಪಿದ್ದರು. ಆ ಸುದ್ದಿ ಕೇಳಿದ ದಿನವೇ ಮೈಕಮ್ಮ ಕಂಟ್ರೋಲರ್ ಎದುರು ನಿಂತಿದ್ದಳು. ಇಷ್ಟು ವರ್ಷಗಳಲ್ಲಿ ತನಗೆಂದು ಏನನ್ನೂ ಕೇಳಿದವಳಲ್ಲ.

"ಸಾರ್, ನಂದೊಂದು ಮಾತು ನಡೆಸಿಕೊಡಿ. ಬಸ್ಸಿನ ಮಾತೆಲ್ಲಾ ತುಂಬಿಸುವಾಗ ಸಾಯಂಕಾಲದ್ದೂ ಒಂದು ಸಾಲು ಸೇರಿಸಿಬಿಡಿ. ನಾನು ಸತ್ತ ಮೇಲೂ ಅವನನ್ನ ಒಬ್ರು ಕರೀತಾ ಇರ್ಲಿ."

ಕಂಟ್ರೋಲರ್ ಬೊಕ್ಕತಲೆಯ, ಮೆತ್ತಗಿನ ಮನುಷ್ಯ. ಕಣ್ಣು ಒರೆಸಿಕೊಳ್ಳುವುದಕ್ಕೆಂದೇ ಕನ್ನಡಕ ತೆಗೆದು ಗಾಜು ಒರೆಸುವ ನಾಟಕ ಆಡುತ್ತಿದ್ದ. "ಅದಕ್ಕೇನಮ್ಮ, ಮೇಲಿನವರಿಗೆ ಕಿವಿ ಎಲ್ಲಿದೆ? ಮಾಡಿಸೋಣ ಬಿಡಿ" ಎಂದಿದ್ದ. ಆ ಒಂದು ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಮೈಕಮ್ಮ ತಿಂಗಳು ದೂಡುತ್ತಿದ್ದಳು.

*

ಮಗನ ಆ ಹೆಸರು ಹುಟ್ಟಿದ್ದೂ ಅದೇ ಕೋಣೆಯಲ್ಲಿ.

ಅವಳು ಕೆಲಸಕ್ಕೆ ಸೇರಿದ ಹೊಸದು. ಒಂದು ಮಗು ತಪ್ಪಿಸಿಕೊಂಡು ಕೋಣೆಗೆ ಬಂದಿತ್ತು. ಊರಲ್ಲಿ ಪ್ರತಿ ಮನೆಗೊಂದು ಇರುವಂಥ ಹೆಸರು ಅದರದು. ಮೈಕಿನಲ್ಲಿ ಹೇಳಿದ್ದೇ ತಡ, ಬಾಗಿಲಲ್ಲಿ ಅಪ್ಪ ಅಮ್ಮಂದಿರ ಸಂತೆ ನೆರೆಯಿತು. ಇಣುಕಿದವರೆಲ್ಲ "ಅಯ್ಯೋ ನಮ್ಮವನಲ್ಲ, ಸದ್ಯ" ಎಂದು ಹಿಂದಿರುಗಿದರು. ನಿಜವಾದ ಅಪ್ಪ ಕೊನೆಗೆ ಬಂದ, ಕೈಯಲ್ಲಿ ಅರ್ಧ ಕುಡಿದ ಟೀ ಲೋಟ. "ಕೇಳಿಸ್ತಮ್ಮ. ಆದ್ರೆ ಆ ಹೆಸರಿನ ಮಕ್ಕಳು ಲೋಡುಗಟ್ಟಲೆ ಇದ್ದಾರಲ್ಲ, ಬೇರೆ ಯಾರದೋ ಇರಬೇಕು ಅಂತ ಟೀ ಹೇಳ್ದೆ" ಎಂದ. ಮೈಕಮ್ಮನಿಗೆ ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಆದರೆ ಆ ಟೀ ಲೋಟ ಅವಳ ತಲೆಯೊಳಗೆ ಕೂತುಬಿಟ್ಟಿತು.

ಮುಂದೆ ತಾನೇ ಬಸುರಿಯಾದಾಗ ಗಂಡನಿಗೆ ಹೇಳಿದಳು. "ನಮ್ಮ ಮಗುವಿಗೆ ಲೋಕದಲ್ಲಿ ಯಾರಿಗೂ ಇಲ್ಲದ ಹೆಸರು ಇಡೋಣ. ಕರೆದ್ರೆ ಒಂದೇ ತಲೆ ತಿರುಗಬೇಕು."

ಗಂಡ ಅದೇ ನಿಲ್ದಾಣದ ಕಂಡಕ್ಟರು, ಹರಟೆಮಲ್ಲ. "ಸರಿ, ಹುಡುಕು. ಸಿಕ್ಕಿದ್ರೆ ಟಿಕೆಟ್ ಹರೀತೀನಿ" ಎಂದ.

ಮಧ್ಯಾಹ್ನ ಬಸ್ಸುಗಳು ಕಡಿಮೆ ಇರುವ ಹೊತ್ತಲ್ಲಿ ಅವರಿಬ್ಬರ ಆಟ ನಡೆಯುತ್ತಿತ್ತು. ಅವಳು ಮೈಕಿನ ಮುಂದೆ ಕೂತು ಒಂದೊಂದೇ ಹೆಸರು ಹೇಳುವುದು, ಅವನು ಕಟ್ಟಕಡೆಯ ಪ್ಲಾಟ್‌ಫಾರಂನ ಆಚೆ, ಶೌಚಾಲಯದ ಗೋಡೆಯ ಪಕ್ಕ, ಗುರುಗುಡುವ ಬಸ್ಸಿನ ಬಾಲದಲ್ಲಿ ಕಿವಿಗೊಟ್ಟು ನಿಲ್ಲುವುದು. ಹೆಸರು ಸ್ಪಷ್ಟವಾಗಿ ಕೇಳಿಸಿದರೆ ಕೈ ಎತ್ತಬೇಕು. ಎಷ್ಟೋ ಚೆಂದದ ಹೆಸರುಗಳು ಎಂಜಿನ್ನಿನ ಸದ್ದಿನಲ್ಲಿ ಮುಳುಗಿಹೋದವು. ಕೆಲವು ಸ್ಪೀಕರಿನ ಬಾಯಲ್ಲಿ ಬುಸುಗುಟ್ಟಿದವು. ಕೊನೆಗೆ ಅವಳು ಇದ್ದ ಹೆಸರುಗಳನ್ನು ಬಿಟ್ಟು ಸದ್ದುಗಳನ್ನೇ ಜೋಡಿಸತೊಡಗಿದಳು. ಶುರುವಿಗೆ ಬಾಗಿಲು ಬಡಿದಂಥ ಒಂದು ಗಟ್ಟಿ ಅಕ್ಷರ, ನಡುವೆ ಉದ್ದಕ್ಕೆ ಎಳೆಯಬಹುದಾದ ಒಂದು ಸ್ವರ, ಕೊನೆಗೆ ಬಾಯಿ ತೆರೆದೇ ಮುಗಿಯುವ ಒಂದು ದನಿ. ಒಂದು ಮಧ್ಯಾಹ್ನ ದೂರದಲ್ಲಿ ಗಂಡ ಎರಡೂ ಕೈ ಎತ್ತಿ ಕುಣಿಯುತ್ತಿರುವುದು ಗಾಜಿನಾಚೆ ಕಂಡಿತು. ಓಡಿ ಬಂದವನೇ, "ಇದೇನೇ, ಮಗುವಿನ ಹೆಸರೋ ಬಸ್ಸಿನ ಹಾರ್ನೋ! ಶೌಚಾಲಯದೊಳಗಿದ್ದೋನೂ ಯಾರನ್ನ ಕರೀತಿದ್ದಾರೆ ಅಂತ ಹೊರಗೆ ಬಂದ" ಎಂದ.

ಹೆಸರಿಗೆ ಹಿಂದಿಲ್ಲ ಮುಂದಿಲ್ಲ. ಅಜ್ಜನದಲ್ಲ, ದೇವರದಲ್ಲ. ಅರ್ಥವೇನು ಎಂದು ಕೇಳಿದವರಿಗೆ ಅವಳು, "ಅರ್ಥ ಅವನೇ" ಎನ್ನುತ್ತಿದ್ದಳು.

ಹುಟ್ಟಿದಾಗ ಮಗುವಿನ ಎಡಗಾಲಿನ ಎರಡು ಬೆರಳುಗಳು, ಹೆಬ್ಬೆರಳ ಪಕ್ಕದವು, ಉಗುರಿನವರೆಗೂ ಅಂಟಿಕೊಂಡಿದ್ದವು. ನರ್ಸ್ ನಕ್ಕು, "ಒಳ್ಳೇದೇ ಆಯ್ತು, ಕಳೆದುಹೋದ್ರೆ ಗುರುತಿಗಾಯ್ತು" ಎಂದಿದ್ದಳು. ಒಳ್ಳೆಯ ಮನಸ್ಸಿನ ಹೆಂಗಸು. ತಮಾಷೆಗೆ ಅಂದದ್ದು.

ಆರು ವರ್ಷ ಆ ಹೆಸರು ಹೇಳಿದ ಹಾಗೇ ಕೆಲಸ ಮಾಡಿತು. ಶಾಲೆ ಬಿಟ್ಟು ನಿಲ್ದಾಣಕ್ಕೆ ಬಂದ ಹುಡುಗ ಕೋಣೆಯ ಹೊರಗಿನ ಬೆಂಚಿನ ಮೇಲೆ ಚೀಲ ಇಟ್ಟು ಎಲ್ಲೆಲ್ಲೋ ಅಲೆಯುತ್ತಿದ್ದ. ಪಾಳಿ ಮುಗಿಯುವಾಗ ಅವಳು ಮೈಕಿನಲ್ಲಿ ಕರೆದರೆ, ಎಲ್ಲಿದ್ದರೂ ದಡದಡ ಓಡಿ ಬರುತ್ತಿದ್ದ. ಅದು ತಾಯಿ ಮಗನ ಒಪ್ಪಂದ. ಮೈಕಿನಲ್ಲಿ ಅಮ್ಮ ಕರೆಯುವವರೆಗೂ ಆಟ.

ಆ ದಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟು ಹೋಯಿತು. ಮೈಕು ಸತ್ತಿತ್ತು. ಅವಳು ಹೊರಬಂದು ಕರೆದಳು. ಬೆಂಚಿನ ಮೇಲೆ ಚೀಲ ಇತ್ತು, ಹುಡುಗ ಇರಲಿಲ್ಲ. ಪ್ಲಾಟ್‌ಫಾರಂನಿಂದ ಪ್ಲಾಟ್‌ಫಾರಂಗೆ ಓಡುತ್ತಾ ಬರಿಗಂಟಲಲ್ಲಿ ಕೂಗಿದಳು. ಸಂಜೆಯ ಬಸ್ಸುಗಳೆಲ್ಲ ಒಟ್ಟಿಗೆ ಹೊರಡುವ ಹೊತ್ತು. ಮೈಕಿಗೆಂದು ಹೊಸೆದ ಹೆಸರು ಬರಿಗಂಟಲಿಗೆ ದಕ್ಕಲಿಲ್ಲ. ಒಬ್ಬ ಹುಡುಗ ಬಸ್ಸು ಹತ್ತಿದ್ದು ಕಂಡೆವೆಂದು ಕೆಲವರು, ಒಬ್ಬ ಹೆಂಗಸಿನ ಕೈ ಹಿಡಿದಿದ್ದ ಎಂದು ಇನ್ನು ಕೆಲವರು ಅಂದರು. ಅವನೇ ಎಂದು ಯಾರೂ ಹೇಳಲಿಲ್ಲ. ಕರೆಂಟು ಬಂದಾಗ ಅರ್ಧ ನಿಲ್ದಾಣ ಖಾಲಿಯಾಗಿತ್ತು. ಅವಳು ಮೈಕು ಹಿಡಿದು ಗಂಟಲು ಕಟ್ಟುವವರೆಗೂ ಕರೆದಳು. ಮರುದಿನವೂ ಕರೆದಳು. ಅದೇ ಮುಂದುವರಿಯಿತು.

ಗಂಡ ಹೋದ ಹೋದ ಊರಲ್ಲೆಲ್ಲ ಇಳಿದು, ಅಲ್ಲಿಯ ಮೈಕಿನವರ ಕೈಕಾಲು ಹಿಡಿದು ಆ ಹೆಸರು ಕರೆಸುತ್ತಿದ್ದ. ಆಮೇಲಾಮೇಲೆ ಅವನ ಹರಟೆ ನಿಂತಿತು. ಒಂದು ಬೆಳಿಗ್ಗೆ ಎದೆ ಒತ್ತುತ್ತಿದೆ ಎಂದು ಕೂತವನು ಏಳಲಿಲ್ಲ. ಅಂದಿನಿಂದ ಮೈಕಮ್ಮನ ಜೊತೆಗೆ ಅವಳ ತಂಗಿ ಬಂದು ನಿಂತಳು.

*

ತಂಗಿ ಶಿಶುವಿಹಾರದ ಟೀಚರು. ಮದುವೆ ಗೊಡವೆ ಬೇಡವೆಂದು ಉಳಿದವಳು. ಬಾಯಿ ಸ್ವಲ್ಪ ಹರಿತ, ಕೈ ಬಲು ಮೃದು. ಮಗನ ಹೆಸರು ಊರೊಳಗೆ ಹಬ್ಬುತ್ತಿರುವ ಸುದ್ದಿ ತಂದವಳೂ ಅವಳೇ.

ಅದಕ್ಕೆ ಮುಂಚೆ ಒಂದು ಸುಳಿವು ಸಿಕ್ಕಿತ್ತು. ಒಬ್ಬಳು ಬಸುರಿ ಹೆಂಗಸು ಕಿಟಕಿಗೆ ಬಂದು, "ಅಮ್ಮ, ದಿನಾ ನೀವು ಕರೆಯೋ ಆ ಹೆಸರು ಇನ್ನೊಂದ್ಸಲ ಹೇಳ್ತೀರಾ? ನೀವು ಕರೆಯೋದು ಕೇಳಿದ್ರೆ ಹೊಟ್ಟೇಲಿರೋದು ಒದೆಯುತ್ತೆ" ಎಂದಿದ್ದಳು. ಮೈಕಮ್ಮ ಹೇಳಿದ್ದಳು. ಅದನ್ನು ಆ ಹೆಂಗಸು ಮನೆಗೆ ಒಯ್ಯುತ್ತಾಳೆಂದು ಎಣಿಸಿರಲಿಲ್ಲ.

"ಅಕ್ಕಾ, ನಿನ್ನ ಹೆಸರು ಈ ವರ್ಷ ನನ್ನ ಕ್ಲಾಸಿಗೆ ಬಂತು ಕಣೇ" ಎಂದಳು ತಂಗಿ ಒಂದು ದಿನ, ಚೀಲ ಇಳಿಸುತ್ತಾ. "ಮೂಗು ಸುರಿಸ್ಕೊಂಡು ಕೂತಿದೆ."

ಮೈಕಮ್ಮ ಮೊದಲು ನಂಬಲಿಲ್ಲ. ನಂಬಿದ ಮೇಲೆ ಉರಿದುಹೋದಳು. ಒಗೆದು ಮಡಿಚಿಟ್ಟ ತನ್ನ ಮಗನ ಅಂಗಿಯನ್ನು ಯಾರೋ ಕೇಳದೆ ತೊಟ್ಟುಕೊಂಡು ಹೋದಂತೆ ಅನಿಸಿತು. ಆದರೆ ಯಾರ ಮೇಲೆಂದು ಸಿಟ್ಟಾಗುವುದು? ಮುಂದಿನ ವರ್ಷ ಇನ್ನೊಬ್ಬ ಬಂದ. ಆಮೇಲೆ ಒಂದೇ ಕ್ಲಾಸಿನಲ್ಲಿ ಮೂವರಾಗಿ, ದೊಡ್ಡೋನು, ಗುಂಡ, ಹಲ್ಲುಬಿದ್ದೋನು ಎಂದು ತಂಗಿ ವಿಂಗಡಿಸಬೇಕಾಯಿತು. ನಿಲ್ದಾಣದೆದುರು ಆ ಹೆಸರಿನ ಒಂದು ಬೇಕರಿ ಬಂತು. ಮಕ್ಕಳ ಹೆಸರಿನ ಪುಸ್ತಕದಲ್ಲೂ ಸೇರಿಕೊಂಡಿತು. ಪುರಾತನ ಹೆಸರಂತೆ, "ಬೆಳಕು ತರುವವನು" ಎಂದು ಅರ್ಥವಂತೆ.

"ಹೌದೇನೇ!" ಎಂದು ತಂಗಿ ಹೊಟ್ಟೆ ಹಿಡಿದು ನಕ್ಕಿದ್ದಳು. "ಭಾವ ಶೌಚಾಲಯದ ಪಕ್ಕ ನಿಂತು ಕೈ ಎತ್ತಿದ್ದು ಪುರಾತನ ಕಾಲ!"

ಮೈಕಮ್ಮನೂ ನಕ್ಕಳು. ನಗು ಅರ್ಧಕ್ಕೇ ಎಲ್ಲೋ ಬಿಟ್ಟುಹೋಯಿತು. ಒಂದೇ ತಲೆ ತಿರುಗಲಿ ಎಂದು ಮಾಡಿದ ಹೆಸರು. ಅವನನ್ನು ಹುಡುಕಲೆಂದು ಅವಳೇ ದಿನಾ ಕರೆದು ಕರೆದು ಅದನ್ನು ಊರಿಗೆಲ್ಲ ಹಂಚಿಬಿಟ್ಟಿದ್ದಳು. ಈಗ ಸಂಜೆ ಕರೆದರೆ ಪ್ಲಾಟ್‌ಫಾರಂನ ಉದ್ದಕ್ಕೂ ಪುಟ್ಟ ತಲೆಗಳು ತಿರುಗುತ್ತಿದ್ದವು. ಕೆಲವರು ಅಮ್ಮನ ಕೈ ಜಗ್ಗಿ ಕೋಣೆಯ ಬಾಗಿಲವರೆಗೂ ಬರುತ್ತಿದ್ದರು. ಬಂದವರಿಗೆ ಕೊಡಲೆಂದು ಅವಳು ಮೇಜಿನ ಖಾನೆಯಲ್ಲಿ ಬೇಕರಿಯ ಬನ್ನು ಇಟ್ಟಿರುತ್ತಿದ್ದಳು. ಬನ್ನು ಕೊಡುವ ಮುಂಚೆ ಅವಳ ಕಣ್ಣು ಒಮ್ಮೆ ಅವರ ಕಾಲಿಗೆ ಹೋಗಿಬರುತ್ತಿತ್ತು. ಇವು ನಿನ್ನೆ ಮೊನ್ನೆ ಹುಟ್ಟಿದ ಮಕ್ಕಳು, ತನ್ನವನು ಮೀಸೆ ಬಂದ ಗಂಡಸು ಎಂದು ಬುದ್ಧಿಗೆ ಗೊತ್ತಿತ್ತು. ಕಣ್ಣಿಗೆ ಗೊತ್ತಿರಲಿಲ್ಲ.

ಒಂದು ಸಮಾಧಾನ ಉಳಿದಿತ್ತು. ಆ ಹೆಸರಿನವರಲ್ಲಿ ಎಲ್ಲರಿಗಿಂತ ದೊಡ್ಡವನಿಗೂ ಈಗಷ್ಟೇ ಮೀಸೆ ಚಿಗುರುತ್ತಿತ್ತು. ಅಂದಮೇಲೆ ಮೂವತ್ತು ದಾಟಿದ ಒಬ್ಬ ಗಂಡಸು ಈ ಹೆಸರು ಹೇಳಿಕೊಂಡು ಬಂದರೆ, ಅವನು ಬೇರೆ ಯಾರೂ ಆಗಿರಲು ಸಾಧ್ಯವಿಲ್ಲ.

*

ನಿವೃತ್ತಿಗೆ ಒಂದು ವಾರ ಇರುವಾಗ ಅದು ನಡೆಯಿತು. ಸಂಜೆಯ ಕರೆ ಹೇಳಿ ಅವಳು ಇನ್ನೂ ಮೈಕಿನಿಂದ ಕೈ ತೆಗೆದಿರಲಿಲ್ಲ. ಹೊರಗೆ ಕಿರ್ರ್ ಎಂದು ಬ್ರೇಕಿನ ಸದ್ದು, ಹಿಂದೆಯೇ ಒಬ್ಬ ಮುದುಕಿಯ ಚೀರಾಟ. ಗಾಜಿನಾಚೆ ಜನ ಓಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಗುಂಪು ಸೀಳಿಕೊಂಡು ಒಬ್ಬ ಡ್ರೈವರು, ಎದೆಗವಚಿಕೊಂಡ ಮಗುವಿನೊಂದಿಗೆ ಬಾಗಿಲಿಗೆ ಬಂದ.

"ಏನೂ ಆಗಿಲ್ಲಮ್ಮ. ಕೂದಲೂ ಕೊಂಕಿಲ್ಲ" ಎಂದ. ಹಾಗೆಂದರೂ ಮಗುವನ್ನು ಕೆಳಗಿಳಿಸಲಿಲ್ಲ.

ಕಡಲೆಕಾಯಿ ಕೊಳ್ಳುತ್ತಿದ್ದ ಅಜ್ಜಿಯ ಪಕ್ಕ ಮಗು ನಿಂತಿತ್ತಂತೆ. ಮೈಕಿನಲ್ಲಿ ತನ್ನ ಹೆಸರು ಕೇಳಿಸಿ, "ಅಜ್ಜಿ, ನನ್ನ ಕರೀತಿದ್ದಾರೆ" ಎಂದು ಕೈ ಬಿಡಿಸಿಕೊಂಡು ಹೊರಟಿದೆ. ರಿವರ್ಸ್ ಬರುತ್ತಿದ್ದ ಬಸ್ಸಿನ ಹಿಂದೆ ನೇರ ನಡೆದಿದೆ. ಕನ್ನಡಿಯಲ್ಲಿ ಒಂದು ಕೆಂಪು ಟೋಪಿ ಕಂಡದ್ದರಿಂದ ಡ್ರೈವರು ಬ್ರೇಕ್ ಒತ್ತಿದ್ದ.

ಕಂಟ್ರೋಲರ್ ಬೆವರು ಒರೆಸಿಕೊಳ್ಳುತ್ತಾ ಬಂದ. ಮೊದಲು ಮಗುವಿನ ಹೆಸರು ಕೇಳಿದ. ಮಗು ಹೇಳಿತು. ಅವನಿಗೆ ಎಲ್ಲ ಅರ್ಥವಾಗಿ ಮುಖ ಕಪ್ಪಿಟ್ಟಿತು. ಮೈಕಮ್ಮನ ಕಡೆ ನೋಡಲಾರದೆ ಡ್ರೈವರಿನ ಕಡೆ ತಿರುಗಿದ. "ನೀನು ಆಚೆ ಡಿಪೋದಿಂದ ಮೊನ್ನೆ ವರ್ಗ ಆಗಿ ಬಂದೋನಲ್ವಾ? ಹೆಸರೇನಪ್ಪಾ?"

ಡ್ರೈವರು ತಡವರಿಸಿದ. ಮೈಕಮ್ಮನನ್ನು ಒಮ್ಮೆ ನೋಡಿ ಹೆಸರು ಹೇಳಿದ.

"ಮಗೂದಲ್ಲಪ್ಪ. ನಿನ್ನ ಹೆಸರು ಕೇಳಿದ್ದು."

"ನಂದೂ ಅದೇ ಸಾರ್."

ಮೂವತ್ತು ದಾಟಿದ ಗಂಡಸು. ದಪ್ಪ ಮೀಸೆ. ಕಾಲಲ್ಲಿ ಕಪ್ಪು ಬೂಟು. ಮೈಕಮ್ಮ ಕುರ್ಚಿಯ ತೋಳು ಹಿಡಿದುಕೊಂಡಳು. ಅಷ್ಟರಲ್ಲಿ ಅಜ್ಜಿ ಬಂದು ಮಗುವನ್ನು ಸೆಳೆದುಕೊಂಡು ಗೋಳಾಡಿದಳು, ಜನ ನುಗ್ಗಿದರು, ಡ್ರೈವರು ತನ್ನ ಬಸ್ಸಿಗೆ ತಡವಾಯಿತೆಂದು ಹೋಗಿಬಿಟ್ಟ.

ಮನೆಗೆ ಬಂದು ಹೇಳಿದಾಗ ತಂಗಿ ಹಿಡಿದಿದ್ದ ತಟ್ಟೆ ಕೆಳಗಿಟ್ಟಳು. ಈ ಸಲ ಹರಿತ ಮಾತು ಬರಲಿಲ್ಲ.

"ಮುಖ ಹೇಗಿತ್ತೇ?"

"ಮೀಸೆ ಇತ್ತು. ಆರು ವರ್ಷದ ಮುಖಕ್ಕೆ ಮೀಸೆ ಅಂಟಿಸಿ ನೋಡೋಕೆ ನಂಗೆ ಬರ್ಲಿಲ್ಲ."

"ಕಾಲು?"

"ಬೂಟು."

ತಂಗಿ, "ಕೋಣೆ ಒಳಗೆ ಕರಿ. ಬೂಟು ಬಿಟ್ಟೇ ಬರಬೇಕಲ್ಲ" ಎಂದಳು. ಅಕ್ಕನ ತಲೆ ಬಾಚುತ್ತಾ, ಬಾಚಣಿಗೆ ನಿಲ್ಲಿಸಿ, "ತುಂಬಾ ಆಸೆ ಇಟ್ಕೋಬೇಡ ಅಕ್ಕಾ" ಎಂದಳು. ಹಾಗೆಂದವಳೇ ಬೆಳಿಗ್ಗೆ ಅಕ್ಕನ ಒಳ್ಳೆಯ ಸೀರೆಗೆ ಇಸ್ತ್ರಿ ಹಾಕಿ ಇಟ್ಟಿದ್ದಳು.

*

ಮರುದಿನ ಮಧ್ಯಾಹ್ನ ಡ್ರೈವರು ತಾನಾಗಿಯೇ ಬಂದ. ಬಾಗಿಲ ಹೊರಗೆ ಬೂಟು ಬಿಚ್ಚಿದ. ಬೂದು ಕಾಲುಚೀಲಗಳನ್ನು ಹಾಗೇ ಉಳಿಸಿಕೊಂಡ. ಒಂದರ ಹೆಬ್ಬೆರಳ ಬಳಿ ತೂತು ಬಿದ್ದಿತ್ತು. ಮೈಕಮ್ಮನ ಕಣ್ಣು ಆ ಚೀಲಗಳಿಂದ ಮೇಲೇಳಲಿಲ್ಲ. ಬೆಳೆದ ಗಂಡಸಿಗೆ ಕಾಲುಚೀಲ ತೆಗಿ ಎಂದು ಹೇಗೆ ಹೇಳುವುದು? ಬಸ್ಸುಗಳು ಬಂದವು, ಹೋದವು. ಬಂದರಿನ ಬಸ್ಸು ಹೊರಡುತ್ತಿದೆ ಎಂದು ಎರಡು ಸಲ ಹೇಳಿದಳು. ನಡುನಡುವೆ, "ಊಟ ಆಯ್ತೇನಪ್ಪಾ?" "ನಿನ್ನೆ ಬಹಳ ಹೆದರಿದ್ಯಾ?" ಎಂದೆಲ್ಲ ಕೇಳಿದಳು.

ಅವನೇ ಮಾತು ತೆಗೆದ. "ಅಮ್ಮ, ನೀವು ಏನು ಅಂದ್ಕೊಂಡಿದ್ದೀರಿ ಅಂತ ಗೊತ್ತು. ನಿನ್ನೆ ಹೆಸರು ಹೇಳಬಾರದಿತ್ತು. ಆದ್ರೆ ನಂಗಿರೋದು ಅದೊಂದೇ ಹೆಸರು."

ಅವಳು ಮೈಕಿನ ಸ್ವಿಚ್ಚು ಆರಿಸಿದಳು.

"ಈ ನಿಲ್ದಾಣದ ಹಿಂದೆ ಅನಾಥ ಮಕ್ಕಳ ಆಶ್ರಮ ಇತ್ತಲ್ಲ, ಈಗ ಗೋಡೌನ್ ಆಗಿದೆ. ನಾನು ಅಲ್ಲಿ ಬೆಳೆದೋನು. ಹಸುಗೂಸಿದ್ದಾಗಲೇ ಯಾರೋ ಬಿಟ್ಟು ಹೋಗಿದ್ರಂತೆ. ಅಲ್ಲಿ ನನ್ನ ಗಿಡ್ಡ ಅಂತಿದ್ರು. ಹೆಸರು ಅಂತ ಒಂದು ಇತ್ತು, ವಾಚ್‌ಮನ್ ಇಟ್ಟಿದ್ದು. ಆ ಹೆಸರು ಹಿಡಿದು ಯಾರೂ ಕರೀಲಿಲ್ಲ. ಸಾಯಂಕಾಲ ಆದ್ರೆ ಗೋಡೆ ಆಚೆಯಿಂದ ನಿಮ್ಮ ದನಿ ಬರೋದು. ಎಲ್ಲಿದ್ರೂ ಬಾ ಕಂದ, ಅಮ್ಮ ಇಲ್ಲೇ ಇದ್ದಾಳೆ ಅಂತ. ನಾವೆಲ್ಲಾ ಕಿಟಕಿ ಹತ್ರ ಕೂತು ಕೇಳೋದು. ಒಬ್ಬೊಬ್ಬನೂ ತನ್ನನ್ನೇ ಕರೆಯೋದು ಅಂತ ಜಗಳ ಆಡೋನು. ನಾನು ಜಗಳ ಆಡ್ಲಿಲ್ಲ. ನಂಗೆ ಖಾತ್ರಿ ಇತ್ತು."

ಮೈಕಮ್ಮ ಕುರ್ಚಿಯನ್ನು ಅವನ ಕಡೆ ತಿರುಗಿಸಿಕೊಂಡಳು.

"ಒಂದಿನ ಗೋಡೆ ಹಾರಿ ಬಂದೆ. ಇದೇ ಬಾಗಿಲು. ನೀವು ತಿರುಗಿದ್ರಿ. ನನ್ನ ಮುಖ ನೋಡ್ಲಿಲ್ಲ, ಕಾಲು ನೋಡಿದ್ರಿ. ಆಮೇಲೆ ಮುಖ ನೋಡಿದ್ರಿ. ಅಷ್ಟರಲ್ಲಿ ನಿಮ್ಮ ಮುಖ..." ಅವನು ಕೈಯನ್ನು ಮೇಲಿನಿಂದ ಕೆಳಕ್ಕೆ ಮೆಲ್ಲನೆ ಇಳಿಸಿ ತೋರಿಸಿದ. "ನಾನಲ್ಲ ಅಂತ ಗೊತ್ತಾಯ್ತು. ಕಾಲು ಕೊಳೆ ಆಗಿತ್ತು ಅಂತ ಬೇಡ ಅಂದ್ರೇನೋ ಅಂದ್ಕೊಂಡೆ. ಎಷ್ಟೋ ದಿನ ಕಾಲು ತಿಕ್ಕಿ ತಿಕ್ಕಿ ತೊಳೀತಿದ್ದೆ. ಮತ್ತೆ ಬರೋಕೆ ಧೈರ್ಯ ಬರ್ಲಿಲ್ಲ. ಆದ್ರೆ ಅವತ್ತು ನೀವು ಒಂದು ಬನ್ನು ಕೊಟ್ರಿ. ತಲೆ ಸವರಿದ್ರಿ. ಆಶ್ರಮ ಬಿಡುವಾಗ ಹೆಸರು ಬದಲಾಯಿಸ್ಕೋಬಹುದು ಅಂದ್ರು. ಯಾರೂ ಬಂದಿರ್ಲಿಲ್ಲವಲ್ಲ ಆ ಹೆಸರಿಗೆ. ಖಾಲಿ ಇತ್ತು. ಇಟ್ಕೊಂಡೆ."

ಮೈಕಮ್ಮ ನೆನಪಿನಲ್ಲಿ ಹುಡುಕಿದಳು. ಎಷ್ಟು ಬಾಗಿಲು, ಎಷ್ಟು ಕಾಲುಗಳು. ಗೋಡೆ ಹಾರಿ ಬಂದ ಒಬ್ಬ ಗಿಡ್ಡ ಹುಡುಗ ಎಲ್ಲೂ ಸಿಗಲಿಲ್ಲ.

"ಕಾಲು ಯಾಕೆ ನೋಡ್ತಿದ್ರಿ ಅಮ್ಮ?" ಎಂದು ಕೇಳಿದ.

ಅವಳು ಬೆರಳಿನ ವಿಷಯ ಹೇಳಿದಳು. ಅವನು ಕೇಳಿಕೊಂಡು, ಬಗ್ಗಿ, ಎರಡೂ ಕಾಲುಚೀಲ ತೆಗೆದ. ಎಡಗಾಲನ್ನು ಮುಂದಿಟ್ಟು ಬೆರಳುಗಳನ್ನು ಅಗಲಿಸಿದ. ಐದೂ ಬೆರಳು ಬಿಡಿಬಿಡಿ. "ನೋಡಿಬಿಡಿ. ಇನ್ನೊಂದು ರಾತ್ರಿ ಹಂಗೋ ಹಿಂಗೋ ಅಂತ ನೀವು ಒದ್ದಾಡೋದು ಬೇಡ" ಎಂದ. ಇಂಥ ಉಪಕಾರವನ್ನು ಯಾರೂ ಅವಳಿಗೆ ಮಾಡಿರಲಿಲ್ಲ. ಇಷ್ಟು ನೋವನ್ನೂ ಯಾರೂ ಕೊಟ್ಟಿರಲಿಲ್ಲ. ಈ ಸಲವೂ ತನ್ನ ಮುಖ ಅವನ ಕಣ್ಣೆದುರಿಗೇ ಕುಸಿಯುತ್ತಿರುವುದು ಅವಳಿಗೆ ಗೊತ್ತಾಗುತ್ತಿತ್ತು. ತಡೆದುಕೊಳ್ಳಲು ನೋಡಿದಳು. ಆಗಲಿಲ್ಲ.

ಖಾನೆಯಿಂದ ಒಂದು ಬನ್ನು ತೆಗೆದು ಕೊಟ್ಟಳು. ಅವನು ಅಲ್ಲೇ ನಿಂತು ತಿಂದ, ಒಂದು ಚೂರೂ ನೆಲಕ್ಕೆ ಬೀಳದ ಹಾಗೆ, ಕೆಳಗೆ ಅಂಗೈ ಹಿಡಿದು.

*

ದನಿ ರೆಕಾರ್ಡ್ ಮಾಡುವ ದಿನ ಯಂತ್ರದವನೊಬ್ಬ ಬಂದು ಅವಳ ಮುಂದೆ ಹೊಸ ಮೈಕು ಇಟ್ಟ. ಊರುಗಳು, ವೇಳೆಗಳು, ಪ್ಲಾಟ್‌ಫಾರಂಗಳು, ಎಲ್ಲವನ್ನೂ ಬಿಡಿಬಿಡಿಯಾಗಿ ಹೇಳಿಸಿಕೊಂಡ. ಮುಗಿಯುವ ಹೊತ್ತಿಗೆ ಕಂಟ್ರೋಲರ್ ಬೂಟು ಬಿಟ್ಟು ಒಳಗೆ ಬಂದ.

"ಸಾಯಂಕಾಲದ ಸಾಲು ಮೇಲಿನವರು ಬೇಡ ಅಂದಿದ್ದಾರಮ್ಮ. ಆ ಮಗುವಿನ ಅಜ್ಜಿ ದೂರು ಕೊಟ್ಟಿದ್ದಾಳಲ್ಲ. ಆದ್ರೆ ನಾನು ಮಾತು ಕೊಟ್ಟಿದ್ದೀನಿ. ದನಿ ಸ್ವಲ್ಪ ಸಣ್ಣ ಮಾಡಿ ಹಾಕಿಸ್ತೀನಿ. ಹೆಸರು ಬೇಡ ಅಂದ್ರೆ ಹೆಸರು ಬಿಟ್ಟು, 'ಬಾ ಕಂದ' ಅಂತಷ್ಟೇ ಹೇಳಿ. ಏನಾದ್ರೂ ಬಂದ್ರೆ ನಾನು ನೋಡ್ಕೋತೀನಿ." ಕನ್ನಡಕದ ಗಾಜು ಒರೆಸತೊಡಗಿದ. ಇನ್ನೆರಡು ವರ್ಷಕ್ಕೆ ಅವನೂ ನಿವೃತ್ತ. ಇದರಿಂದ ಅವನ ಕೆಲಸಕ್ಕೇ ಕುತ್ತು ಬರಬಹುದಿತ್ತು.

ಮೈಕಮ್ಮ ಹೊಸ ಮೈಕನ್ನು ನೋಡುತ್ತಾ ಕೂತಿದ್ದಳು.

"ಬೇಡ ಸಾರ್."

"ಯಾಕಮ್ಮ? ಸಂಕೋಚ ಮಾಡ್ಕೋಬೇಡಿ."

"ಸಂಕೋಚ ಅಲ್ಲ. ಅಮ್ಮ ಇಲ್ಲೇ ಇದ್ದಾಳೆ ಅಂತ ಹೇಳುತ್ತಲ್ಲ ಅದು. ಅದನ್ನ ನಂಬಿ ಯಾರಾದ್ರೂ ಬಂದ್ರೆ? ಬಾಗಿಲು ತೆಗೆದ್ರೆ ಒಳಗೆ ಯಂತ್ರ. ಬಂದೋರಿಗೆ ಒಂದು ಬನ್ನಾದ್ರೂ ಕೊಡೋರು ಇರಬೇಕಲ್ಲ."

ಕಂಟ್ರೋಲರ್ ಏನೋ ಹೇಳಹೋದ. ಅವಳು ತಾನೇ ಮುಂದುವರಿಸಿದಳು, ಅವನಿಗಿಂತ ಹೆಚ್ಚಾಗಿ ತನಗೇ ಹೇಳಿಕೊಳ್ಳುವಂತೆ. "ಇಷ್ಟು ವರ್ಷ ಒಂದು ಭ್ರಮೆ ಇತ್ತು ಸಾರ್. ಅವನಿಗೆ ಕೇಳಿಸಿಲ್ಲ, ಅದಕ್ಕೇ ಬಂದಿಲ್ಲ ಅಂತ. ಗೋಡೆ ಆಚೆ ಇದ್ದ ಮಕ್ಕಳಿಗೆ ಕೇಳಿಸ್ತು. ಹೊಟ್ಟೇಲಿದ್ದ ಮಕ್ಕಳಿಗೂ ಕೇಳಿಸ್ತಂತೆ. ಯಾರದೋ ಅಜ್ಜಿ ಕೈ ಹಿಡಿದಿದ್ದ ಮಗುವಿಗೆ ಕೇಳಿಸ್ತು. ಹೆಸರಲ್ಲಿ ದೋಷ ಇಲ್ಲ. ಕೇಳಿಸೋ ಜಾಗದಲ್ಲಿ ಅವನು ಇಲ್ಲ, ಅಷ್ಟೇ."

ಯಂತ್ರದವನು ತಲೆ ತಗ್ಗಿಸಿ ವೈರು ಸುತ್ತಿದ. ಎಷ್ಟು ಸುತ್ತಿದರೂ ಆ ವೈರು ಮುಗಿಯಲಿಲ್ಲ.

ಕೊನೆಯ ದಿನ ಕಂಡಕ್ಟರುಗಳು ಸೇರಿ ಅವಳಿಗೊಂದು ಶಾಲು ಕೊಟ್ಟರು. ಡ್ರೈವರು ದೂರದಲ್ಲಿ ನಿಂತಿದ್ದ. ಹೋಗುವಾಗ ಹತ್ತಿರ ಬಂದು, "ಅಮ್ಮ, ಈ ಹೆಸರು ಬಿಟ್ಟುಬಿಡ್ಲಾ?" ಎಂದು ಕೇಳಿದ.

"ಬೇಡಪ್ಪಾ. ಇಟ್ಕೋ" ಎಂದಳು. ಇನ್ನೂ ಏನೋ ಹೇಳಬೇಕಿತ್ತು. ಮನೆಗೆ ಬಾ ಎನ್ನಬೇಕಿತ್ತೇನೋ. ಅವನ ಹೆಸರು ಹಿಡಿದು ಒಮ್ಮೆ ಕರೆಯಬೇಕಿತ್ತು, ಅದಂತೂ ಆಗುವ ಮಾತಾಗಿರಲಿಲ್ಲ. ಅವನು ಸ್ವಲ್ಪ ಹೊತ್ತು ಕಾದು ನಿಂತು, ತಲೆಯಾಡಿಸಿ, ತನ್ನ ಬಸ್ಸಿನ ಕಡೆ ಹೋದ.

ತಂಗಿ ಕರೆದೊಯ್ಯಲು ಬಂದಿದ್ದಳು. ಇಬ್ಬರೂ ಊರೊಳಗಿನ ಬಸ್ಸು ಹತ್ತಿ ಕೂತರು. ಸ್ಪೀಕರಿನಲ್ಲಿ ಮೈಕಮ್ಮನದೇ ದನಿ ಬಂದರಿನ ಬಸ್ಸು ಹೊರಡಲಿದೆ ಎಂದಿತು. "ನೀನು ಇಲ್ಲಿ, ನಿನ್ನ ಬಾಯಿ ಅಲ್ಲಿ" ಎಂದು ತಂಗಿ ನಗಿಸಲು ನೋಡಿದಳು.

ಆ ಹೊತ್ತು ಬಂತು. ಮೊದಲು ಪಕ್ಕದ ಬಸ್ಸು ಸುಮ್ಮನಾಯಿತು. ಆಮೇಲೆ ಅದರಾಚೆಯದು. ಕಟ್ಟಕಡೆಯ ಪ್ಲಾಟ್‌ಫಾರಂವರೆಗೂ ಒಂದೊಂದಾಗಿ ಎಂಜಿನ್ನುಗಳು ಆರಿದವು. ಕರೆ ನಿಂತಿದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲವೋ, ಹೇಳಿದ್ದರೂ ಕೈ ರೂಢಿ ಬಿಟ್ಟಿರಲಿಲ್ಲವೋ. ನಿಲ್ದಾಣ ಕಿವಿಗೊಟ್ಟು ಕಾದಿತು. ಕಡಲೆಕಾಯಿ ಮಾರುವವನು ಕೂಗು ನಿಲ್ಲಿಸಿದ. ಅಷ್ಟು ದೊಡ್ಡ ಜಾಗದಲ್ಲಿ ಅಷ್ಟು ಮೌನವನ್ನು ಮೈಕಮ್ಮ ಈ ಬದಿಯಿಂದ ಎಂದೂ ಕೇಳಿರಲಿಲ್ಲ. ಸ್ಪೀಕರುಗಳು ಏನೂ ಹೇಳಲಿಲ್ಲ.

ತಂಗಿ ಅವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಎಲ್ಲೋ ಒಬ್ಬ ಡ್ರೈವರು ಗಾಡಿ ಸ್ಟಾರ್ಟ್ ಮಾಡಿದ. ಆಮೇಲೆ ಇನ್ನೊಬ್ಬ. ಆಮೇಲೆ ಎಲ್ಲರೂ.